ಎಳೆಗೂಸಿನ ಪಿತ್ತನಾಳದ ರೋಗ: ಶಸ್ತ್ರಚಿಕಿತ್ಸೆಯ ಫಲವನ್ನು ಮುಂದಾಗಿ ಅರಿಯಬಹುದೇ?

ಮಗುವಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ಹೇಳಿದಾಗ ತಂದೆತಾಯಿಗಳು ಕೇಳುವ ಮೊದಲ ಪ್ರಶ್ನೆ ಒಂದೇ: ಮಾಡಿಸಿದರೆ ಮಗು ಗುಣವಾಗುವುದೇ? ಸೀಳುತುಟಿ, ಹರ್ನಿಯಾ ಮುಂತಾದವುಗಳಲ್ಲಿ ಈ ಪ್ರಶ್ನೆಗೆ ವೈದ್ಯರು ಧೈರ್ಯದಿಂದ ಹೌದು ಎನ್ನಬಲ್ಲರು. ಆದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಪಿತ್ತನಾಳಗಳು ಮುಚ್ಚಿಹೋಗುವ ರೋಗವೊಂದಿದೆ. ಅದರಲ್ಲಿ ಶಸ್ತ್ರಕ್ರಿಯೆ ಎಷ್ಟೇ ನಿಪುಣವಾಗಿ ನಡೆದರೂ ಹೌದು ಎಂದಾಗಲಿ ಅಲ್ಲ ಎಂದಾಗಲಿ ಅಂದೇ ನುಡಿಯಲು ಬರುವುದಿಲ್ಲ. ಬಿಲಿಯರಿ ಅಟ್ರೀಸಿಯಾ ಎಂದು ಆಧುನಿಕ ವೈದ್ಯರು ಕರೆಯುವ ಈ ರೋಗದಲ್ಲಿ ಫಲವನ್ನು ಮುಂದಾಗಿ ಹೇಗೆ ಅಳೆಯುತ್ತಾರೆ, ಆ ಅಳತೆಯಲ್ಲಿ ಮನೆಯವರ ಪಾಲೆಷ್ಟು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಇದು ಅಪರೂಪದ ರೋಗವೆಂದು ಓದುಗರು ಪುಟ ಮಗುಚಬಾರದು. ಯುರೋಪು, ಅಮೆರಿಕಗಳಲ್ಲಿ 15,000ದಿಂದ 20,000 ಶಿಶುಗಳಿಗೆ ಒಂದರಂತೆ, ಜಪಾನಿನಲ್ಲಿ ಸುಮಾರು 10,000ಕ್ಕೆ ಒಂದರಂತೆ ಇದು ಕಾಣಿಸಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷದಷ್ಟು ಹೆರಿಗೆಗಳಾಗುತ್ತವೆ. ಯುರೋಪಿನ ಕಡಿಮೆ ಪ್ರಮಾಣವನ್ನೇ ಹಿಡಿದು ಲೆಕ್ಕ ಹಾಕಿದರೂ ಪ್ರತಿವರ್ಷ 50ರಿಂದ 65 ಮನೆಗಳ ತೊಟ್ಟಿಲಲ್ಲಿ ಈ ರೋಗ ಮಲಗಿರುತ್ತದೆ ಎಂದಾಯಿತು. ಆ ಮನೆಗಳಲ್ಲಿ ಶ್ರೀಮಠದ ಭಕ್ತರ ಮನೆಯೂ ಒಂದಾಗಿರಬಹುದು.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಯಕೃತ್ತಿನಲ್ಲಿ ಸಿದ್ಧವಾದ ಪಿತ್ತರಸವು ಸಣ್ಣಸಣ್ಣ ನಾಳಗಳಲ್ಲಿ ಕೂಡಿ, ಯಕೃತ್ತಿನ ಹೊರಗಿನ ದೊಡ್ಡ ನಾಳಕ್ಕೆ ಇಳಿದು, ಸಣ್ಣಕರುಳನ್ನು ಸೇರುತ್ತದೆ. ಜಿಡ್ಡನ್ನು ಜೀರ್ಣಿಸುವುದು, ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ವಗಳನ್ನು ಮೈಗೆ ಹತ್ತಿಸುವುದು ಈ ರಸದ ಕೆಲಸ. ಮಲಕ್ಕೆ ಹಳದಿ ಬಣ್ಣ ಬರುವುದೂ ಇದರಿಂದಲೇ. ಬಿಲಿಯರಿ ಅಟ್ರೀಸಿಯಾದಲ್ಲಿ ಯಕೃತ್ತಿನ ಹೊರಗಿನ ನಾಳವು ಉರಿಯೂತಕ್ಕೆ ಸಿಕ್ಕಿ, ಕ್ರಮೇಣ ಒಳದಾರಿಯೇ ಇಲ್ಲದ ನಾರಿನ ಹುರಿಯಂತಾಗುತ್ತದೆ. ಹೊರಹೋಗಲಾರದ ಪಿತ್ತ ಯಕೃತ್ತಿನಲ್ಲಿಯೇ ತಂಗಿ ಅದನ್ನು ಸುಡತೊಡಗುತ್ತದೆ. ಸುಟ್ಟ ಜಾಗದಲ್ಲಿ ನಾರು ಬೆಳೆಯುತ್ತದೆ, ಮೃದುವಾದ ಯಕೃತ್ತು ಗಡುಸಾಗುತ್ತದೆ. ಯಾವ ಶಸ್ತ್ರಚಿಕಿತ್ಸೆಯೂ ಆಗದಿದ್ದರೆ ಬಹುತೇಕ ಮಕ್ಕಳು ಎರಡು ವರ್ಷ ತುಂಬುವುದರೊಳಗೇ ತೀರಿಕೊಳ್ಳುತ್ತಾರೆ.

ಇದು ತಾಯಿ ಬಸುರಿನಲ್ಲಿ ಉಂಡ ಆಹಾರದಿಂದಲೋ ಗ್ರಹಣ ಕಂಡದ್ದರಿಂದಲೋ ಬರುವುದಲ್ಲ. ವಂಶದಲ್ಲಿ ಸಾಗಿಬರುವ ರೋಗವೂ ಸಾಮಾನ್ಯವಾಗಿ ಇದಲ್ಲ. ಹಸಿ ಬಾಣಂತಿಯ ಮೇಲೆ ಅತ್ತೆಮಾವಂದಿರು ದೋಷ ಹೊರಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲವಾದ್ದರಿಂದ ಈ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು.

ಈ ರೋಗದ ದೊಡ್ಡ ಮೋಸವೆಂದರೆ ಮಗು ಆರಂಭದಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ತುಂಬಿದ ತಿಂಗಳಿಗೆ ಹುಟ್ಟಿರುತ್ತದೆ, ಮೊಲೆಹಾಲು ಚೆನ್ನಾಗಿ ಕುಡಿಯುತ್ತದೆ, ನಗುತ್ತದೆ, ಮೊದಲ ವಾರಗಳಲ್ಲಿ ತೂಕವೂ ಏರುತ್ತದೆ. ಮೈ ಮಾತ್ರ ಹಳದಿ. ನವಜಾತ ಶಿಶುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ವಾರದಲ್ಲಿ ಕಾಮಾಲೆ ಬಂದು ತಾನಾಗಿ ಇಳಿಯುವುದುಂಟು. ಆದ್ದರಿಂದ ಹಿರಿಯರು, ಒಮ್ಮೊಮ್ಮೆ ವೈದ್ಯರೂ, ಎಳೆಬಿಸಿಲಿಗೆ ಹಿಡಿಯಿರಿ, ಸರಿಹೋಗುತ್ತದೆ ಎಂದು ಸಮಾಧಾನ ಹೇಳುತ್ತಾರೆ. ಮೊದಲ ವಾರದ ಮಟ್ಟಿಗೆ ಆ ಸಮಾಧಾನ ತಪ್ಪೇನಲ್ಲ. ಎರಡು ವಾರ ಕಳೆದ ಮೇಲೂ ಅದೇ ಮಾತನ್ನು ಹೇಳುತ್ತಿದ್ದರೆ ಮಾತ್ರ ಅಪಾಯ.

ನಮ್ಮ ಶಾಸ್ತ್ರ ಏನು ಹೇಳುತ್ತದೆ?

ಆಯುರ್ವೇದವನ್ನು ಓದಿದವರು ಈ ರೋಗದ ಲಕ್ಷಣವನ್ನು ಕೇಳಿದ ಕೂಡಲೇ ಚರಕಸಂಹಿತೆಯ ಚಿಕಿತ್ಸಾಸ್ಥಾನದ ಪಾಂಡುರೋಗದ ಅಧ್ಯಾಯವನ್ನು ನೆನೆಯುತ್ತಾರೆ. ಅಲ್ಲಿ ಕಾಮಲಾ ರೋಗವನ್ನು ಎರಡು ಬಗೆಯಾಗಿ ಹೇಳಿದೆ. ಒಂದರಲ್ಲಿ ಪಿತ್ತವು ಅತಿಯಾಗಿ ಹೆಚ್ಚಿ ಮೈಯೆಲ್ಲ ಹರಡುತ್ತದೆ. ಇನ್ನೊಂದರಲ್ಲಿ ಪಿತ್ತದ ದಾರಿಯೇ ಕಟ್ಟಿಹೋಗುತ್ತದೆ. ಎರಡನೆಯದನ್ನು ಶಾಖಾಶ್ರಿತ ಕಾಮಲಾ ಅಥವಾ ರುದ್ಧಪಥ ಕಾಮಲಾ ಎನ್ನುವರು. ಅದರ ಗುರುತಾಗಿ ಆಚಾರ್ಯರು ಕೊಟ್ಟಿರುವುದು ಮಲದ ಬಣ್ಣವನ್ನು. ಎಳ್ಳನ್ನು ಅರೆದಂತೆ ಬಿಳಿಚಿದ ಮಲ ಕಂಡರೆ ದಾರಿ ಕಟ್ಟಿದೆ ಎಂದು ತಿಳಿಯಬೇಕು. ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲದ ಕಾಲದಲ್ಲಿ, ಮೈಯ ಹಳದಿಗಿಂತ ಮಲದ ಬಿಳುಪೇ ಹೆಚ್ಚು ಮುಖ್ಯವೆಂದು ಕಂಡುಕೊಂಡ ಆ ದೃಷ್ಟಿಗೆ ನಾವು ತಲೆಬಾಗುತ್ತೇವೆ. ಜಪಾನ್, ತೈವಾನ್ ದೇಶಗಳು ಇಂದು ಮಾಡುತ್ತಿರುವುದೂ ಮಲದ ಬಣ್ಣವನ್ನು ನೋಡುವ ಕೆಲಸವನ್ನೇ. ಅದನ್ನು ಮುಂದೆ ಹೇಳುತ್ತೇವೆ.

ಆದರೆ ಗೌರವ ಬೇರೆ, ಚಿಕಿತ್ಸೆಯ ವಿವೇಕ ಬೇರೆ. ಆ ಅಧ್ಯಾಯದಲ್ಲಿ ಹೇಳಿರುವ ಕಟುತೀಕ್ಷ್ಣ ಔಷಧಗಳು ಕಫದಿಂದ ಕಟ್ಟಿಕೊಂಡ ದಾರಿಯನ್ನು ತೆರೆಯಲು. ಇಲ್ಲಿ ತೆರೆಯುವುದಕ್ಕೆ ದಾರಿಯೇ ಉಳಿದಿಲ್ಲ, ನಾಳವಿದ್ದಲ್ಲಿ ನಾರಿದೆ. ಕಾಲುವೆಯಲ್ಲಿ ಹೂಳು ತುಂಬಿದ್ದರೆ ನೀರು ಬಿಟ್ಟು ಕೊಚ್ಚಬಹುದು, ಕಾಲುವೆಯನ್ನೇ ಮುಚ್ಚಿ ನೆಲ ಮಾಡಿದ್ದರೆ ಅಗೆಯದೆ ವಿಧಿಯಿಲ್ಲ. ನೆಲನೆಲ್ಲಿಯ ರಸವಾಗಲಿ, ಕಟುಕರೋಹಿಣಿಯಾಗಲಿ, ಬೇರಾವ ಕಷಾಯವಾಗಲಿ ಈ ರೋಗದಲ್ಲಿ ನಾಳವನ್ನು ತೆರೆಯಲಾರದು. ಇದನ್ನು ಆಯುರ್ವೇದ ವೈದ್ಯರಾಗಿಯೇ ಹೇಳುತ್ತಿದ್ದೇವೆ. ಕಾಮಾಲೆಗೆ ಮದ್ದು ಕೊಡುವವರೆಂದು ಹೆಸರಾದವರ ಮನೆಯ ಮುಂದೆ ಸೋಮವಾರ, ಗುರುವಾರಗಳಂದು ಎಳೆಗೂಸುಗಳನ್ನು ಹೊತ್ತು ನಿಲ್ಲುವ ಸಾಲನ್ನು ಕಂಡಿದ್ದೇವೆ. ದೊಡ್ಡವರಿಗೆ ಬರುವ ಕಾಮಾಲೆ ಬಹುಮಟ್ಟಿಗೆ ಪಥ್ಯ, ವಿಶ್ರಾಂತಿಗಳಿಂದಲೇ ಇಳಿಯುವಂಥದ್ದು. ಅದರ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಆ ಕೀರ್ತಿಯನ್ನು ನಂಬಿ ಬಿಳಿಮಲದ ಶಿಶುವಿಗೆ ಮೂರು ವಾರ ಮದ್ದು ಹಾಕಿಸಿದರೆ ಕಳೆದುಹೋಗುವುದು ಮಗುವಿನ ಯಕೃತ್ತು. ಕೈಗೆ, ಹೊಟ್ಟೆಗೆ ಬರೆ ಹಾಕುವ ಪದ್ಧತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಕ್ರೌರ್ಯ.

ಕಸಾಯ್ ಅವರ ಶಸ್ತ್ರಕ್ರಿಯೆ

1950ರ ದಶಕದವರೆಗೆ ಇಂಥ ಮಕ್ಕಳಲ್ಲಿ ಹೆಚ್ಚಿನವರನ್ನು ಸರಿಪಡಿಸಲಾಗದವರು ಎಂದೇ ಪಾಶ್ಚಾತ್ಯ ಗ್ರಂಥಗಳು ವರ್ಗೀಕರಿಸುತ್ತಿದ್ದವು. ಹೊಟ್ಟೆ ತೆರೆದು, ನಾಳವಿಲ್ಲದ್ದನ್ನು ಕಂಡು, ಮತ್ತೆ ಹೊಲಿದು ಮನೆಗೆ ಕಳಿಸುತ್ತಿದ್ದರು. 1955ರಲ್ಲಿ ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಮೊರಿಯೊ ಕಸಾಯ್ ಎಂಬ ಶಸ್ತ್ರವೈದ್ಯರು 72 ದಿನಗಳ ಶಿಶುವೊಂದಕ್ಕೆ ಶಸ್ತ್ರಕ್ರಿಯೆ ಮಾಡುತ್ತ ನಾರಾದ ನಾಳವನ್ನು ಯಕೃತ್ತಿನ ದ್ವಾರದವರೆಗೂ ಕತ್ತರಿಸಿದರು. ಅಲ್ಲಿ ರಕ್ತ ಒಸರತೊಡಗಿತು. ಅದನ್ನು ತಡೆಯಲು ಕರುಳಿನ ಭಾಗವೊಂದನ್ನು ತಂದು ಆ ಜಾಗಕ್ಕೆ ಒತ್ತಿ ಹೊಲಿದರೆಂದು ವೈದ್ಯಚರಿತ್ರೆಯಲ್ಲಿ ಹೇಳುತ್ತಾರೆ. ಕೆಲವು ದಿನಗಳಲ್ಲಿ ಮಗುವಿನ ಮಲಕ್ಕೆ ಬಣ್ಣ ಬಂತು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನಾಳಗಳು ಯಕೃತ್ತಿನ ದ್ವಾರದಲ್ಲಿ ಇನ್ನೂ ಜೀವಂತವಾಗಿದ್ದವು. ಅವುಗಳಿಂದ ಒಸರಿದ ಪಿತ್ತ ನೇರವಾಗಿ ಕರುಳಿಗೆ ಇಳಿಯಿತು.

ಈ ಕ್ರಮವನ್ನು ಕಸಾಯ್ ಅವರು 1959ರಲ್ಲಿ ಜಪಾನೀ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಅದು ಬೆಳಕು ಕಂಡದ್ದು 1968ರಲ್ಲಿ. ಪಾಶ್ಚಾತ್ಯ ವೈದ್ಯರು ನಂಬಿ ಕೈಹಚ್ಚಲು ಇನ್ನಷ್ಟು ವರ್ಷಗಳು ಹಿಡಿದವು. ಇಂದು ಜಗತ್ತಿನೆಲ್ಲೆಡೆ, ನಮ್ಮ ದೇಶದಲ್ಲಿಯೂ, ಈ ರೋಗಕ್ಕೆ ಮೊದಲ ಚಿಕಿತ್ಸೆ ಕಸಾಯ್ ಶಸ್ತ್ರಕ್ರಿಯೆಯೇ. ಈಗ ಸಣ್ಣಕರುಳಿನ ಸುಮಾರು 40 ಸೆಂಟಿಮೀಟರ್ ಉದ್ದದ ತುಂಡನ್ನು ಬೇರೆಯಾಗಿ ಮೇಲಕ್ಕೆ ತಂದು ಯಕೃತ್ತಿನ ದ್ವಾರಕ್ಕೆ ಹೊಲಿಯುತ್ತಾರೆ.

ಇಲ್ಲಿಯೇ ನಮ್ಮ ಮೂಲ ಪ್ರಶ್ನೆ ಏಳುತ್ತದೆ. ಹೊಲಿಗೆ ಒಂದೇ ಬಗೆಯದಾದರೂ ಒಂದು ಮಗುವಿಗೆ ಪಿತ್ತ ಹರಿಯುತ್ತದೆ, ಇನ್ನೊಂದಕ್ಕೆ ಹರಿಯುವುದಿಲ್ಲ. ಒಟ್ಟಾರೆ ನೋಡಿದರೆ ಉತ್ತಮ ಆಸ್ಪತ್ರೆಗಳಲ್ಲಿಯೂ ಅರ್ಧದಷ್ಟು ಮಕ್ಕಳಿಗೆ ಮಾತ್ರ ಕಾಮಾಲೆ ಪೂರ್ತಿ ಇಳಿಯುತ್ತದೆ. ಅರ್ಧ ಎಂದರೆ ನಾಣ್ಯ ಚಿಮ್ಮಿದಂತಲ್ಲ. ಯಾವ ಮಗು ಯಾವ ಪಾಲಿಗೆ ಸೇರೀತು ಎಂಬುದಕ್ಕೆ ಕೆಲವು ಸೂಚನೆಗಳಿವೆ.

ಶಸ್ತ್ರಕ್ರಿಯೆಗೆ ಮುಂಚಿನ ಸೂಚನೆಗಳು

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಿರುವುದು ಮಗುವಿನ ವಯಸ್ಸು. ಇಲ್ಲಿ ವಯಸ್ಸನ್ನು ತಿಂಗಳಲ್ಲಿ ಎಣಿಸುವುದಿಲ್ಲ, ದಿನಗಳಲ್ಲಿ ಎಣಿಸುತ್ತಾರೆ. 60 ದಿನಗಳೊಳಗೆ ಶಸ್ತ್ರಕ್ರಿಯೆಯಾದ ಮಕ್ಕಳಲ್ಲಿ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು. 45 ದಿನಗಳೊಳಗಾದರೆ ಇನ್ನೂ ಮೇಲು. 90 ದಿನ ದಾಟಿದ ಮೇಲೆ ಸಾಧ್ಯತೆ ಸ್ಪಷ್ಟವಾಗಿ ಕುಗ್ಗುತ್ತದೆ. ದಿನ ಕಳೆದಂತೆ ಯಕೃತ್ತಿನಲ್ಲಿ ನಾರು ಹೆಚ್ಚುತ್ತದೆ, ದ್ವಾರದಲ್ಲಿ ಉಳಿದ ಸೂಕ್ಷ್ಮನಾಳಗಳು ಒಂದೊಂದಾಗಿ ಮುಚ್ಚುತ್ತವೆ. ನಮ್ಮ ದೇಶದ ಆಸ್ಪತ್ರೆಗಳ ವರದಿಗಳನ್ನು ನೋಡಿದರೆ ಅನೇಕ ಮಕ್ಕಳು ಶಸ್ತ್ರವೈದ್ಯರನ್ನು ತಲಪುವುದೇ ಎರಡೂವರೆ, ಮೂರು ತಿಂಗಳ ವಯಸ್ಸಿಗೆ. ದುಃಖದ ಸಂಗತಿಯೆಂದರೆ ಇವರಲ್ಲಿ ಬಹುಪಾಲು ಮಕ್ಕಳನ್ನು ಅದಕ್ಕೆ ಮುಂಚೆ ಒಬ್ಬರಲ್ಲ ಒಬ್ಬರು ವೈದ್ಯರು ನೋಡಿಯೇ ಇರುತ್ತಾರೆ.

ಹಾಗೆಂದು ವಯಸ್ಸೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದಲ್ಲ. ಒಂದು ತಿಂಗಳಿಗೇ ಶಸ್ತ್ರಕ್ರಿಯೆಯಾಗಿಯೂ ಪಿತ್ತ ಹರಿಯದ ಮಕ್ಕಳುಂಟು, ನೂರು ದಿನ ದಾಟಿದ ಮೇಲೂ ಹರಿದ ಮಕ್ಕಳುಂಟು. ತಡವಾಗಿ ಬಂದ ಮಗುವಿಗೆ ಬಾಗಿಲು ಮುಚ್ಚಿದೆ ಎಂದು ತಿಳಿದು ತಂದೆತಾಯಿಗಳು ಕೈಚೆಲ್ಲಬಾರದು. ಅಂಥ ಮಗುವಿಗೆ ಶಸ್ತ್ರಕ್ರಿಯೆಯೋ ನೇರವಾಗಿ ಯಕೃತ್ತಿನ ಕಸಿಯೋ ಎಂಬುದನ್ನು ಯಕೃತ್ತು ಎಷ್ಟು ಗಡುಸಾಗಿದೆ, ಜಲೋದರವಿದೆಯೇ ಎಂಬುದನ್ನು ನೋಡಿ ನಿರ್ಧರಿಸುತ್ತಾರೆ.

ಎರಡನೆಯದು ರೋಗದ ಬಗೆ. ನಾಳ ಎಲ್ಲಿಯವರೆಗೆ ಮುಚ್ಚಿದೆ ಎಂಬುದರ ಮೇಲೆ ಮೂರು ಬಗೆಗಳನ್ನು ಎಣಿಸುತ್ತಾರೆ. ದುರದೃಷ್ಟವಶಾತ್ ಯಕೃತ್ತಿನ ದ್ವಾರದವರೆಗೂ ಮುಚ್ಚಿರುವ ಮೂರನೆಯ ಬಗೆಯೇ ಅತಿ ಸಾಮಾನ್ಯ, ಹತ್ತರಲ್ಲಿ ಒಂಬತ್ತರಷ್ಟು. ನಾಳದ ಭಾಗವೊಂದು ನೀರುಗುಳ್ಳೆಯಂತೆ ಉಬ್ಬಿಕೊಂಡಿರುವ ಮಕ್ಕಳಲ್ಲಿ ಫಲ ಸಾಮಾನ್ಯವಾಗಿ ಉತ್ತಮ. ಕೆಲವೊಮ್ಮೆ ಇದನ್ನು ಬಸುರಿಯ ಸ್ಕ್ಯಾನಿಂಗಿನಲ್ಲಿಯೇ ಗುರುತಿಸಬಹುದು. ಇನ್ನು ಕೆಲವು ಮಕ್ಕಳಲ್ಲಿ ಪಿತ್ತನಾಳದ ದೋಷದೊಡನೆ ಒಂದರ ಬದಲು ಹಲವು ಪ್ಲೀಹಗಳಿರುವುದು, ಅಥವಾ ಪ್ಲೀಹವೇ ಇಲ್ಲದಿರುವುದು, ಹೃದಯದ ದೋಷ, ಎಡದ ಅಂಗ ಬಲಕ್ಕೆ ಬಲದ್ದು ಎಡಕ್ಕೆ ಇರುವುದು ಇತ್ಯಾದಿ ಕಾಣುತ್ತವೆ. ಈ ಗುಂಪಿನಲ್ಲಿ ಫಲ ಅಷ್ಟು ಭರವಸೆಯದಲ್ಲ. ಸೈಟೊಮೆಗಾಲೊ ಎಂಬ ವೈರಾಣುವಿನ ಸೋಂಕು ರಕ್ತದಲ್ಲಿ ಕಂಡುಬಂದ ಮಕ್ಕಳೂ ತುಸು ಹಿಂದುಳಿಯುತ್ತಾರೆಂದು ಅನುಭವ ತೋರಿಸಿದೆ.

ಮೂರನೆಯದು, ನಮ್ಮ ಜನ ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು, ಶಸ್ತ್ರಕ್ರಿಯೆ ನಡೆಯುವ ಆಸ್ಪತ್ರೆಯ ಅಭ್ಯಾಸ. ವರ್ಷಕ್ಕೊಂದು ಎರಡು ಇಂಥ ಶಿಶುಗಳನ್ನು ನೋಡುವ ಕಡೆಗೂ ಹತ್ತಾರು ಶಿಶುಗಳನ್ನು ನೋಡುವ ಕಡೆಗೂ ಅಂತರವಿದೆ. ಇಂಗ್ಲೆಂಡಿನಲ್ಲಿ ಈ ಅಂತರವನ್ನು ಕಂಡು 1999ರಿಂದ ಈ ಶಸ್ತ್ರಕ್ರಿಯೆಯನ್ನು ಲಂಡನ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ನಗರಗಳ ಮೂರೇ ಕೇಂದ್ರಗಳಿಗೆ ಸೀಮಿತಗೊಳಿಸಿದರು. ಆ ಬಳಿಕ ಫಲಿತಾಂಶ ಸುಧಾರಿಸಿತು. ಇಡೀ ದೇಶಕ್ಕೆ ಮೂರು! ನಮ್ಮಲ್ಲಿ ಅಂಥ ನಿಯಮವಿಲ್ಲ. ಆದ್ದರಿಂದ ಮಕ್ಕಳ ಶಸ್ತ್ರವೈದ್ಯರಿರುವ, ಮಕ್ಕಳ ಯಕೃತ್ತಿನ ರೋಗಗಳನ್ನೇ ನೋಡುವ ವಿಭಾಗವಿರುವ ಆಸ್ಪತ್ರೆಗೇ ಹೋಗಬೇಕು. ಹತ್ತಿರವಿದೆ, ಪರಿಚಯದವರಿದ್ದಾರೆ ಎಂಬುದು ಈ ರೋಗದಲ್ಲಿ ಸಾಲದು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಮಕ್ಕಳದೇ ಆದ ಸರ್ಕಾರಿ ಸಂಸ್ಥೆಗಳು ಇರುವುದು ಬಡವರ ಪಾಲಿಗೆ ದೊಡ್ಡ ಆಸರೆ.

ಶಸ್ತ್ರಕ್ರಿಯೆಯ ವೇಳೆ ಯಕೃತ್ತಿನ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಾರು ಎಷ್ಟಿದೆ, ದ್ವಾರದಲ್ಲಿ ಉಳಿದ ನಾಳಗಳ ಅಗಲವೆಷ್ಟು ಎಂಬುದರಿಂದಲೂ ಊಹೆ ಮಾಡುವುದುಂಟು. ಆದರೆ ಇದು ಊಹೆಯೇ. ಒಳ್ಳೆಯ ಚೂರು ಸಿಕ್ಕಿಯೂ ನಿರಾಶೆಯಾದದ್ದಿದೆ.

ಮೂರು ತಿಂಗಳ ಕೊನೆಯ ಸಂಖ್ಯೆ

ಮುಂಚಿನ ಸೂಚನೆಗಳೆಲ್ಲ ಮೋಡ ನೋಡಿ ಮಳೆ ಹೇಳಿದಂತೆ. ಮಳೆ ಬಂದ ಮೇಲೆ ಅಳೆಯುವ ಮಾಪಕವೂ ಒಂದಿದೆ. ಅದು ರಕ್ತದಲ್ಲಿರುವ ಬಿಲಿರುಬಿನ್ ಎಂಬ ಹಳದಿ ದ್ರವ್ಯದ ಪ್ರಮಾಣ. ಶಸ್ತ್ರಕ್ರಿಯೆಯಾದ ಮೂರು ತಿಂಗಳೊಳಗೆ ಒಟ್ಟು ಬಿಲಿರುಬಿನ್ ಒಂದು ಡೆಸಿಲೀಟರ್ ರಕ್ತದಲ್ಲಿ 2 ಮಿಲಿಗ್ರಾಂಗಿಂತ ಕೆಳಗಿಳಿಯಿತೇ ಇಲ್ಲವೇ ಎಂಬುದೇ ಇಂದು ಎಲ್ಲರೂ ಒಪ್ಪಿರುವ ಅತ್ಯಂತ ಭರವಸೆಯ ಸೂಚಕ. ಉತ್ತರ ಅಮೆರಿಕದ ಹಲವು ಮಕ್ಕಳ ಆಸ್ಪತ್ರೆಗಳು ಕೂಡಿ 137 ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಕೆಳಗಿಳಿದ ಮಕ್ಕಳಲ್ಲಿ ನೂರಕ್ಕೆ 86 ಮಂದಿ ಎರಡು ವರ್ಷದ ಹೊತ್ತಿಗೆ ತಮ್ಮದೇ ಯಕೃತ್ತಿನೊಡನೆ ಬದುಕಿದ್ದರು. ಇಳಿಯದ ಮಕ್ಕಳಲ್ಲಿ ಹಾಗಿದ್ದವರು ನೂರಕ್ಕೆ 20 ಮಾತ್ರ.

ಈ ಸಂಖ್ಯೆಗಳನ್ನು ಓದುವ ರೀತಿಯನ್ನು ತುಸು ಹೇಳಬೇಕು. ನೂರಕ್ಕೆ 20 ಎಂದರೆ ಉಳಿದ 80 ಮಕ್ಕಳು ತೀರಿಕೊಂಡರು ಎಂದಲ್ಲ. ಅವರಲ್ಲಿ ಬಹುಮಂದಿಗೆ ಯಕೃತ್ತಿನ ಕಸಿಯಾಯಿತು. ಹಾಗೆಯೇ 86 ಎಂಬುದು ಒಂದು ಗುಂಪಿನ ಲೆಕ್ಕ, ತೊಡೆಯ ಮೇಲಿರುವ ಒಂದು ಮಗುವಿನ ಹಣೆಬರಹವಲ್ಲ. ಈ ಸಂಖ್ಯೆಯಿಂದ ನಿಜವಾದ ಉಪಯೋಗವಾಗುವುದು ಮುಂದಿನ ಸಿದ್ಧತೆಗೆ. ಮೂರು ತಿಂಗಳಲ್ಲಿ ಬಿಲಿರುಬಿನ್ ಇಳಿಯದಿದ್ದರೆ, ಮಗು ಬತ್ತಿ ಸೋಲುವುದನ್ನು ಕಾಯದೆ ಕಸಿಯ ಕೇಂದ್ರಕ್ಕೆ ಹೆಸರು ಕೊಟ್ಟು, ಪೋಷಣೆಯನ್ನು ಹೆಚ್ಚಿಸಿ, ಹಣದ ವ್ಯವಸ್ಥೆಯನ್ನೂ ದಾನಿಯ ಪರೀಕ್ಷೆಯನ್ನೂ ಆರಂಭಿಸಲು ಅವಕಾಶ ಸಿಗುತ್ತದೆ. ವೈದ್ಯರು ಮೂರನೆಯ ತಿಂಗಳಲ್ಲಿ ಕಸಿಯ ಮಾತೆತ್ತಿದರೆ, ಶಸ್ತ್ರಕ್ರಿಯೆ ಕೆಡಿಸಿದರು, ಈಗ ದುಡ್ಡಿನ ಆಸೆಗೆ ಇನ್ನೊಂದು ಹೇಳುತ್ತಿದ್ದಾರೆ ಎಂದು ಕುಟುಂಬದವರು ಮುನಿಯುವುದನ್ನು ಕೇಳಿದ್ದೇವೆ. ಅದು ಸರಿಯಲ್ಲ. ಸಕಾಲದಲ್ಲಿ ಹೇಳುವುದೇ ವೈದ್ಯಧರ್ಮ.

ಶಸ್ತ್ರಕ್ರಿಯೆಯ ನಂತರ ಫಲವನ್ನು ಕೆಡಿಸುವ ಮುಖ್ಯ ಶತ್ರು ಪಿತ್ತನಾಳಗಳ ಸೋಂಕು. ಕರುಳು ಈಗ ಯಕೃತ್ತಿಗೇ ಅಂಟಿಕೊಂಡಿರುವುದರಿಂದ ಕರುಳಿನ ಸೂಕ್ಷ್ಮಾಣುಗಳು ಮೇಲಕ್ಕೆ ಏರಬಲ್ಲವು. ಜ್ವರ, ಮತ್ತೆ ಬಿಳಿಚುವ ಮಲ, ಮರಳಿ ಏರುವ ಕಾಮಾಲೆ ಇವುಗಳಲ್ಲಿ ಯಾವುದು ಕಂಡರೂ ಅದು ಸಾಮಾನ್ಯ ಜ್ವರವೆಂದು ಮನೆಯಲ್ಲಿ ಕೂರಬಾರದು, ಅಂದೇ ಆಸ್ಪತ್ರೆಗೆ ಒಯ್ಯಬೇಕು. ಪ್ರತಿ ಸೋಂಕೂ ಒಸರುತ್ತಿರುವ ನಾಳಗಳಲ್ಲಿ ಕೆಲವನ್ನು ಮುಚ್ಚಿ ಹೋಗುತ್ತದೆ. ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಕೊಟ್ಟರೆ ಫಲ ಹೆಚ್ಚುವುದೇ ಎಂದು ಅಮೆರಿಕದಲ್ಲಿ 140 ಶಿಶುಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಮನಾರ್ಹ ಲಾಭ ಕಾಣಲಿಲ್ಲ. ಇದನ್ನು ಹೇಳುವ ಕಾರಣವಿದೆ. ಬಲವಾದ ಔಷಧವೇ ಸಾಧಿಸಲಾರದ್ದನ್ನು ಯಾರೋ ಹೇಳಿದ ಬೇರು ಸಾಧಿಸೀತೆಂದು ನಂಬಿ ಶಸ್ತ್ರಕ್ರಿಯೆಯಾದ ಮಗುವಿಗೆ ಗುಟ್ಟಾಗಿ ಮದ್ದು ಕುಡಿಸುವವರಿದ್ದಾರೆ. ಈಗಾಗಲೇ ಬಳಲಿದ ಯಕೃತ್ತಿಗೆ ಅದು ಹೊರೆ. ಆಸ್ಪತ್ರೆಯವರಿಗೆ ತಿಳಿಸದೆ ಯಾವುದನ್ನೂ, ಆಯುರ್ವೇದದ್ದನ್ನೂ, ಕೊಡಬೇಡಿರಿ.

ತೈವಾನ್ ಕಲಿಸಿದ್ದು

ಇಷ್ಟೆಲ್ಲ ಸೂಚಕಗಳಲ್ಲಿ ರೋಗದ ಬಗೆ ನಮ್ಮ ಕೈಯಲ್ಲಿಲ್ಲ, ವೈರಾಣು ನಮ್ಮ ಕೈಯಲ್ಲಿಲ್ಲ. ವಯಸ್ಸು ಮಾತ್ರ ಇದೆ. ಜಪಾನಿನ ತೊಚಿಗಿ ಪ್ರಾಂತದಲ್ಲಿ 1994ರಲ್ಲಿ ತಾಯಂದಿರಿಗೆ ಮಲದ ಬಣ್ಣಗಳ ಚಿತ್ರವಿರುವ ಕಾರ್ಡೊಂದನ್ನು ಕೊಡಲು ಆರಂಭಿಸಿದರು. ತೈವಾನ್ ಇದನ್ನು 2002ರಲ್ಲಿ ಪ್ರಯೋಗಿಸಿ 2004ರಿಂದ ಇಡೀ ದೇಶಕ್ಕೆ ಹರಡಿತು, ಪ್ರತಿ ಮಗುವಿನ ಆರೋಗ್ಯ ಪುಸ್ತಕದೊಳಗೇ ಕಾರ್ಡನ್ನು ಸೇರಿಸಿತು. ತಾಯಿ ಮಗುವಿನ ಬಟ್ಟೆಯಲ್ಲಿರುವುದನ್ನು ಚಿತ್ರದೊಡನೆ ಹೋಲಿಸಬೇಕು, ಬಿಳಿಚಿದ ಬಣ್ಣಕ್ಕೆ ಹೊಂದಿದರೆ ತಿಳಿಸಬೇಕು, ಇಷ್ಟೇ. ಕಾರ್ಡಿಗೆ ಮುಂಚೆ ಶಸ್ತ್ರಕ್ರಿಯೆಯಾದ ಮೂರು ತಿಂಗಳಿಗೆ ಕಾಮಾಲೆ ಇಳಿದ ಮಕ್ಕಳು ನೂರಕ್ಕೆ ಸುಮಾರು 35 ಇದ್ದರು, ಕಾರ್ಡಿನ ನಂತರ ಸುಮಾರು 60 ಆದರು. ಶಸ್ತ್ರವೈದ್ಯರ ಕೈಯಲ್ಲಿದ್ದ ಚಾಕು ಬದಲಾಗಿರಲಿಲ್ಲ. ಒಂದು ಕಾಗದದ ಚೂರು ತಾಯಿಯ ಕಣ್ಣನ್ನು ತಿದ್ದಿತು, ಮಕ್ಕಳು ಬೇಗ ಬಂದರು.

ಅಮೆರಿಕದ ಟೆಕ್ಸಾಸ್‌ನಲ್ಲಿ ಇನ್ನೊಂದು ದಾರಿ ಹಿಡಿದರು. ಹುಟ್ಟಿದ ಮೊದಲ ದಿನಗಳಲ್ಲಿಯೇ ಡೈರೆಕ್ಟ್ ಬಿಲಿರುಬಿನ್ ಪರೀಕ್ಷೆ ಮಾಡಿ, ಹೆಚ್ಚಿದ್ದವರಿಗೆ ಎರಡು ವಾರಕ್ಕೆ ಮತ್ತೆ ಮಾಡಿದರು. ಅಲ್ಲಿ ಶಸ್ತ್ರಕ್ರಿಯೆಯ ವಯಸ್ಸು ಸರಾಸರಿ 56 ದಿನಗಳಿಂದ 36 ದಿನಗಳಿಗೆ ಇಳಿಯಿತು.

ಈ ಡೈರೆಕ್ಟ್ ಬಿಲಿರುಬಿನ್ ಎಂಬ ಹೆಸರನ್ನು ಓದುಗರು ನೆನಪಿಡಬೇಕು. ಮಾಮೂಲಿ ಕಾಮಾಲೆಯಲ್ಲಿ ಹೆಚ್ಚುವುದು ಇನ್‌ಡೈರೆಕ್ಟ್ ಭಾಗ. ಪಿತ್ತದ ದಾರಿ ಕಟ್ಟಿದಾಗ ಹೆಚ್ಚುವುದು ಡೈರೆಕ್ಟ್ ಭಾಗ. ಅದು 1 ಮಿಲಿಗ್ರಾಂ ದಾಟಿದರೆ ಕಾರಣ ಹುಡುಕಲೇಬೇಕು. ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿಯೂ ಆಗುವ ಅಗ್ಗದ ಪರೀಕ್ಷೆ ಇದು. ಒಟ್ಟು ಬಿಲಿರುಬಿನ್ ಮಾತ್ರ ಬರೆದ ಚೀಟಿ ಕೊಟ್ಟರೆ ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಬರೆದುಕೊಡಿರೆಂದು ಕೇಳಿ ಪಡೆಯಿರಿ.

ನಮ್ಮ ಮನೆಗಳಲ್ಲಿ

ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬರುವ ವ್ಯವಸ್ಥೆ ಸರ್ಕಾರದಿಂದಲೇ ಇದೆ. 14ನೆಯ ದಿನ ಅವರು ಬಂದಾಗ ಮಗುವಿನ ಕಣ್ಣಿನ ಬಿಳಿಭಾಗವನ್ನು ಬಾಗಿಲ ಬೆಳಕಿನಲ್ಲಿ ತೋರಿಸಿರಿ, ಒಂದು ಮಲದ ಬಟ್ಟೆಯನ್ನು ಒಗೆಯದೆ ಇಟ್ಟು ತೋರಿಸಿರಿ. ಎಳೆಗೂಸಿನ ಮಲ ಸಾಸಿವೆಯ ಹಳದಿ, ಹಸಿರುಹಳದಿ, ಹಸಿರು ಇದ್ದರೆ ಚಿಂತೆಯಿಲ್ಲ. ಸುಣ್ಣದ ಬಿಳಿ, ಜೇಡಿಮಣ್ಣಿನ ಬೂದು, ಎಳ್ಳುಹಿಟ್ಟಿನ ಬಣ್ಣ, ಅಥವಾ ಬಲು ತಿಳಿಯಾದ ಹಾಲುಹಳದಿ ಇದ್ದರೆ ಚಿಂತಿಸಬೇಕು. ಆರಂಭದಲ್ಲಿ ಹಳದಿಯಾಗಿದ್ದು ಮೂರನೆಯ, ನಾಲ್ಕನೆಯ ವಾರದಲ್ಲಿ ಬಿಳಿಚುವುದೂ ಉಂಟು. ಆದ್ದರಿಂದ ಒಮ್ಮೆ ನೋಡಿ ಬಿಡುವಂತಿಲ್ಲ. ಮೂತ್ರವನ್ನೂ ನೋಡಿರಿ: ಎಳೆಗೂಸಿನ ಮೂತ್ರಕ್ಕೆ ಬಣ್ಣವೇ ಇರಬಾರದು. ಬಟ್ಟೆಯ ಮೇಲೆ ಅರಿಶಿನದ ಕಲೆ ಬಿಟ್ಟರೆ ಅದು ಬಿಸಿಲಿನ ಉಷ್ಣವಲ್ಲ.

ತಿಂಗಳು ತುಂಬುವವರೆಗೆ ಬಾಣಂತಿಯನ್ನೂ ಕೂಸನ್ನೂ ಹೊಸ್ತಿಲು ದಾಟಿಸಬಾರದೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಒಪ್ಪಲಿಲ್ಲ. ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡುವ ಮನೆಯಲ್ಲಿ ಸೂತಕ ಕಳೆಯಲೆಂದು ಆಸ್ಪತ್ರೆಯನ್ನು ಮುಂದೂಡುವುದಕ್ಕೆ ಅರ್ಥವೇನು? ಶಸ್ತ್ರಕ್ರಿಯೆಗೆ ಅಮಾವಾಸ್ಯೆ ಕಳೆಯಲಿ, ಆಷಾಢ ಮುಗಿಯಲಿ ಎನ್ನುವವರಿಗೂ ನಮ್ಮ ಮಾತು ಇದೇ. ಆಷಾಢಕ್ಕೆ ಮೂವತ್ತು ದಿನಗಳಿವೆ. ಈ ರೋಗದಲ್ಲಿ ಮೂವತ್ತು ದಿನ ಯಾವ ಮಗುವಿಗೂ ಉಳಿದಿರುವುದಿಲ್ಲ.

ಆಸ್ಪತ್ರೆಗೆ ಹೋದ ಮೇಲೂ ದಿನಗಳು ಸೋರಿಹೋಗಬಹುದು. ಖಾಲಿಹೊಟ್ಟೆಯಲ್ಲಿ ಸ್ಕ್ಯಾನಿಂಗ್ ಮಾಡಿ ಪಿತ್ತಕೋಶ ಕುಗ್ಗಿದೆಯೇ ನೋಡುತ್ತಾರೆ, ಯಕೃತ್ತಿನ ಚೂರಿನ ಪರೀಕ್ಷೆಯಾಗುತ್ತದೆ. ಹೈಡಾ ಎಂಬ ಸ್ಕ್ಯಾನಿಗೆ ಮುಂಚೆ ಐದು ದಿನ ಔಷಧ ಕೊಡುವ ಪದ್ಧತಿಯಿದೆ. ಕೊನೆಯ ನಿಶ್ಚಯವಾಗುವುದು ಶಸ್ತ್ರಕ್ರಿಯೆಯ ಮೇಜಿನ ಮೇಲೆ, ಪಿತ್ತಕೋಶಕ್ಕೆ ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ತೆಗೆದಾಗ. ಎಲ್ಲ ಪರೀಕ್ಷೆಗಳೂ ಒಂದೇ ಆಸ್ಪತ್ರೆಯಲ್ಲಿ, ಒಂದೇ ವಾರದಲ್ಲಿ ಮುಗಿಯುವಂತೆ ಕೇಳಿಕೊಳ್ಳಿರಿ. ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನು, ತಾಯಿ ಕಾರ್ಡನ್ನು, ಸಾಧ್ಯವಾದರೆ ಮಲದ ಬಣ್ಣದ ಮೊಬೈಲ್ ಚಿತ್ರಗಳನ್ನು ದಿನಾಂಕ ಸಹಿತ ಒಯ್ಯಿರಿ. ಈ ಮಕ್ಕಳಲ್ಲಿ ಕೆ ಜೀವಸತ್ವ ಕುಂದಿ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿರುವುದರಿಂದ ಅದರ ಚುಚ್ಚುಮದ್ದು ಆಗಿದೆಯೇ ಎಂದೂ ವಿಚಾರಿಸಿರಿ. ಬಿಳಿಮಲದ ಮಗುವಿಗೆ ಮೂಗಿನಲ್ಲೋ ಹೊಕ್ಕುಳಲ್ಲೋ ರಕ್ತ ಕಂಡರೆ ರಾತ್ರಿಯೆನ್ನದೆ ಹೊರಡಬೇಕು.

ಕಸಾಯ್ ಶಸ್ತ್ರಕ್ರಿಯೆ ಫಲಿಸಿದ ಮಕ್ಕಳಲ್ಲಿಯೂ ಅನೇಕರಿಗೆ ಮುಂದೆ, ಶಾಲೆಯ ವಯಸ್ಸಿನಲ್ಲೋ ಹರೆಯದಲ್ಲೋ, ಯಕೃತ್ತಿನ ಕಸಿ ಬೇಕಾಗುತ್ತದೆ. ಹಾಗಾದರೆ ಮೊದಲ ಶಸ್ತ್ರಕ್ರಿಯೆಯಿಂದ ಲಾಭವೇನೆಂದು ಕೇಳಬಹುದು. ಏಳು ತಿಂಗಳ, ಐದು ಕಿಲೋ ತೂಕದ ಕೂಸಿಗೆ ಕಸಿ ಮಾಡುವುದಕ್ಕೂ, ಊಟ ಮಾಡಿ ಬೆಳೆದು ಲಸಿಕೆಗಳನ್ನೆಲ್ಲ ಪಡೆದ ಹತ್ತು ವರ್ಷದ ಮಗುವಿಗೆ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಕೆಲವರಿಗಂತೂ ಕಸಿಯ ಅಗತ್ಯವೇ ಬರದೆ, ತಮ್ಮದೇ ಯಕೃತ್ತಿನೊಡನೆ ಬೆಳೆದು ಮದುವೆಯಾಗಿ ಮಕ್ಕಳನ್ನು ಪಡೆದವರೂ ಇದ್ದಾರೆ. ನಮ್ಮ ದೇಶದಲ್ಲಿ ಮಗುವೊಂದಕ್ಕೆ ಮೊದಲ ಬಾರಿಗೆ ಯಶಸ್ವಿಯಾಗಿ ಯಕೃತ್ತಿನ ಕಸಿಯಾದದ್ದು 1998ರಲ್ಲಿ, ದೆಹಲಿಯಲ್ಲಿ. ಆ 20 ತಿಂಗಳ ಮಗುವಿಗಿದ್ದುದೂ ಬಿಲಿಯರಿ ಅಟ್ರೀಸಿಯಾವೇ. ತಂದೆ ತನ್ನ ಯಕೃತ್ತಿನ ಭಾಗವನ್ನು ಕೊಟ್ಟರು. ಆ ಮಗು ಬೆಳೆದು ವೈದ್ಯನಾದನು. ದಾನಿಯಿಂದ ತೆಗೆಯುವುದು ಎಡಬದಿಯ ಸಣ್ಣ ಭಾಗ ಮಾತ್ರ. ಉಳಿದ ಯಕೃತ್ತು ಕೆಲವೇ ತಿಂಗಳಲ್ಲಿ ತನ್ನ ಅಳತೆಗೆ ಮರಳಿ ಬೆಳೆಯುತ್ತದೆ. ರಕ್ತದ ಗುಂಪು ಹೊಂದುವ, ಆರೋಗ್ಯವಂತರಾದ ತಂದೆಯಾಗಲಿ ತಾಯಿಯಾಗಲಿ ಅಜ್ಜಿಯಾಗಲಿ ಪರೀಕ್ಷೆಗೆ ಮುಂದಾಗಬಹುದು. ಅದಕ್ಕೆ ಮೂರು ತಿಂಗಳ ಬಿಲಿರುಬಿನ್ ವರದಿ ಕೈಸೇರಿದ ದಿನವೇ ತಕ್ಕ ದಿನ.